ಮಯೋಗ್ಲೋಬಿನ್ ಕೆಂಪಾಗದಿದ್ದಾಗ, ಕೆಂಪಾಗಿಯೂ ಕೈಕೊಟ್ಟಾಗ: ದೋಷ ನಿವಾರಣೆ ಕೈಪಿಡಿ

ಸಸ್ತನಿಗಳ ಹೃದಯದಲ್ಲೂ ಮೈಕೈ ಸ್ನಾಯುಗಳಲ್ಲೂ ಆಮ್ಲಜನಕವನ್ನು ಹಿಡಿದಿಡುವ ಪ್ರೋಟೀನ್ ಮಯೋಗ್ಲೋಬಿನ್. ಕುದುರೆಯ ಮಯೋಗ್ಲೋಬಿನ್‌ನಲ್ಲಿ ಇರುವುದು 153 ಅಮೈನೋ ಆಮ್ಲಗಳ ಒಂದೇ ಸರಪಳಿ, ಒಳಗೊಂದು ಹೀಮ್ (ಬಣ್ಣ ಕೊಡುವ ಉಂಗುರದಂಥ ಅಣು), ಹೀಮ್‌ನ ನಡುವೆ ಒಂದು ಕಬ್ಬಿಣದ ಪರಮಾಣು. ಯಾವುದೇ ಪ್ರೋಟೀನ್‌ನ ಮೂರು ಆಯಾಮದ ರಚನೆ ಮೊದಲ ಬಾರಿಗೆ ಗೊತ್ತಾದದ್ದು ಇದರಿಂದಲೇ. 1958ರಲ್ಲಿ ಜಾನ್ ಕೆಂಡ್ರೂ ಮತ್ತು ಸಂಗಡಿಗರು ಸ್ಪರ್ಮ್ ತಿಮಿಂಗಿಲದ ಮಯೋಗ್ಲೋಬಿನ್ ಹರಳುಗಳಿಂದ ಅದನ್ನು ಬಿಡಿಸಿದರು. ಇಷ್ಟು ಚೆನ್ನಾಗಿ ಗೊತ್ತಿರುವ ಪ್ರೋಟೀನ್ ಆದ್ದರಿಂದಲೇ ಜೀವರಸಾಯನ ಪ್ರಯೋಗಾಲಯಗಳಲ್ಲಿ ಇದನ್ನು ಪಾಠಕ್ಕೆ ಇಡುತ್ತಾರೆ. ಕಂದು ಪುಡಿಯನ್ನು ಆಮ್ಲಜನಕ ಹಿಡಿದ ಕೆಂಪು ರೂಪಕ್ಕೆ ತರುವುದು, ಅದು ಆಮ್ಲಜನಕ ಹಿಡಿಯುವುದನ್ನು ಅಳೆಯುವುದು, ಇದೇ ಪ್ರಯೋಗ. ಆದರೂ ಅದು ಕೆಡುವುದು ತಪ್ಪುವುದಿಲ್ಲ. ಕೆಡುವ ಬಗೆಗಳು ಹೆಚ್ಚೇನಿಲ್ಲ, ಹುಡುಕುವ ದಾರಿ ಗೊತ್ತಿದ್ದರೆ ಅರ್ಧ ಗಂಟೆಯಲ್ಲಿ ಸಿಕ್ಕಿಬೀಳುತ್ತವೆ.

ಹುಡುಕಾಟವೆಲ್ಲ ಎರಡು ಪ್ರಶ್ನೆಗಳ ಸುತ್ತ. ಕಬ್ಬಿಣ ಫೆರಸ್ ಸ್ಥಿತಿಯಲ್ಲಿದೆಯೋ, ಇನ್ನೊಂದು ಎಲೆಕ್ಟ್ರಾನ್ ಕಳೆದುಕೊಂಡ ಫೆರಿಕ್ ಸ್ಥಿತಿಯಲ್ಲಿದೆಯೋ? ಅದರ ಆರನೇ ಜಾಗದಲ್ಲಿ ಯಾರು ಕೂತಿದ್ದಾರೆ? ಕಬ್ಬಿಣದ ಆರು ಬಂಧಗಳಲ್ಲಿ ನಾಲ್ಕನ್ನು ಹೀಮ್‌ನ ಸಾರಜನಕಗಳು ಹಿಡಿದಿವೆ, ಐದನೆಯದನ್ನು ಸರಪಳಿಯ 93ನೇ ಅಮೈನೋ ಆಮ್ಲವಾದ ಹಿಸ್ಟಿಡಿನ್. ಆರನೆಯದು ಆಮ್ಲಜನಕಕ್ಕೆಂದು ಇರುವ ಪೀಠ. ಆದರೆ ನೀರು, ಹೈಡ್ರಾಕ್ಸೈಡ್, ಅಜೈಡ್, ಇಮಿಡಜೋಲ್, ಕಾರ್ಬನ್ ಮಾನಾಕ್ಸೈಡ್ ಎಲ್ಲಕ್ಕೂ ಅದರ ಮೇಲೆ ಕಣ್ಣು. ಆಮ್ಲಜನಕ ಕೂರಬೇಕಾದರೆ ಕಬ್ಬಿಣ ಫೆರಸ್ ಆಗಿರಲೇಬೇಕು.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ, ಕೆಂಪಗಿರುವುದೆಲ್ಲ ಆಕ್ಸಿಮಯೋಗ್ಲೋಬಿನ್ (ಆಮ್ಲಜನಕ ಹಿಡಿದ ಮಯೋಗ್ಲೋಬಿನ್) ಅಲ್ಲ. ಕಣ್ಣಿನ ತೀರ್ಪನ್ನು ನಂಬಿ ಮುಂದೆ ಹೋದವರ ದತ್ತಾಂಶವೇ ಹೆಚ್ಚು ಹಾಳಾಗಿರುತ್ತದೆ. 450ರಿಂದ 700 ನ್ಯಾನೋಮೀಟರ್‌ವರೆಗೆ ಸ್ಪೆಕ್ಟ್ರೊಫೋಟೋಮೀಟರ್‌ನಲ್ಲಿ (ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಯಂತ್ರ) ಒಂದು ಸ್ಕ್ಯಾನ್ ತೆಗೆಯಲು ಎರಡು ನಿಮಿಷ ಸಾಕು. ಅದಿಲ್ಲದೆ ಯಾವ ತೀರ್ಮಾನಕ್ಕೂ ಬರಬೇಡಿ.

ಕೈಯಲ್ಲಿರಬೇಕಾದ ಅಂಕಿಗಳು

ಕೆಳಗಿನವು ಕುದುರೆ ಮಯೋಗ್ಲೋಬಿನ್‌ನ ಪೀಕ್‌ಗಳು, ಅಂದರೆ ಬೆಳಕನ್ನು ಹೆಚ್ಚು ಹೀರುವ ತರಂಗಾಂತರಗಳು, ನ್ಯಾನೋಮೀಟರ್‌ಗಳಲ್ಲಿ. ಆವರಣದಲ್ಲಿರುವುದು 1 ಮಿಲಿಮೋಲಾರ್ ದ್ರಾವಣ 1 ಸೆಂ.ಮೀ. ಕ್ಯುವೆಟ್‌ನಲ್ಲಿ (ದ್ರಾವಣ ಹಾಕಿ ಅಳೆಯುವ ಪುಟ್ಟ ಪಾತ್ರೆ) ತೋರುವ ಹೀರಿಕೆ. ಆಕರದಿಂದ ಆಕರಕ್ಕೆ ಒಂದೆರಡು ನ್ಯಾನೋಮೀಟರ್, ಕೆಲವು ಪ್ರತಿಶತದ ವ್ಯತ್ಯಾಸ ಇರುತ್ತದೆ.

ಮೆಟ್ (ಫೆರಿಕ್, ಆರನೇ ಜಾಗದಲ್ಲಿ ನೀರು): 409 (188), 503ರ ಸುತ್ತ (10), 631ರ ಸುತ್ತ (3.9). ಬಣ್ಣ ಕಂದು.
ಡಿಆಕ್ಸಿ (ಫೆರಸ್, ಆರನೇ ಜಾಗ ಖಾಲಿ): 434, ಜೊತೆಗೆ 556ರಿಂದ 560ರ ನಡುವೆ ಒಂದೇ ಅಗಲವಾದ ದಿಬ್ಬ. ಬಣ್ಣ ನೇರಳೆ.
ಆಕ್ಸಿ (ಫೆರಸ್, ಆಮ್ಲಜನಕ): 418 (128), 543 (13.9), 581 (14.6). ಬಣ್ಣ ಹೊಳೆಯುವ ಕೆಂಪು.
ಕಾರ್ಬನ್ ಮಾನಾಕ್ಸೈಡ್ ಕೂತದ್ದು: 424 (207), 540, 579. ಇಲ್ಲಿ 540ರ ಪೀಕ್ 579ರದ್ದಕ್ಕಿಂತ ಎತ್ತರ. ಬಣ್ಣ ಚೆರಿ ಕೆಂಪು.

525 ನ್ಯಾನೋಮೀಟರ್‌ನಲ್ಲಿ ಮೆಟ್, ಡಿಆಕ್ಸಿ, ಆಕ್ಸಿ ಮೂರೂ ಸುಮಾರು ಒಂದೇ ಅಳತೆಯಲ್ಲಿ ಹೀರುತ್ತವೆ, 7.6. ಮೂರೂ ಬೆರೆತಿರುವ ದ್ರಾವಣದ ಒಟ್ಟು ಪ್ರಮಾಣ ತಿಳಿಯಲು ಈ ಬಿಂದುವನ್ನೇ ನಂಬಬೇಕು.

ಬೆರಕೆ ನೋಡಲು ಸುಲಭದ ಅಳತೆ 581ರ ಹೀರಿಕೆಯನ್ನು 525ರದ್ದರಿಂದ ಭಾಗಿಸುವುದು. ಪೂರ್ತಿ ಆಕ್ಸಿ ಇದ್ದರೆ ಉತ್ತರ 1.9ರ ಆಸುಪಾಸು. ಪ್ರತಿ 10 ಪ್ರತಿಶತ ಮೆಟ್ ಬೆರೆತಾಗ ಅದು ಸುಮಾರು 0.14 ಇಳಿಯುತ್ತದೆ. 1.6 ಬಂದರೆ ಐದರಲ್ಲೊಂದು ಭಾಗ ಆಗಲೇ ಕಂದಾಗಿದೆ ಎಂದು ತಿಳಿಯಿರಿ. ಕಣ್ಣಿಗೆ ಅದಿನ್ನೂ ಕೆಂಪಾಗಿಯೇ ಕಾಣುತ್ತಿರುತ್ತದೆ.

ಸರಿಯಾದ ತಯಾರಿ ಹೇಗಿರುತ್ತದೆ

ಕೆಟ್ಟದ್ದನ್ನು ಗುರುತಿಸಲು ಒಳ್ಳೆಯದು ಹೇಗಿರುತ್ತದೆ ಎಂದು ಗೊತ್ತಿರಬೇಕು. 10 ಮಿ.ಗ್ರಾಂ. ಕುದುರೆ ಮಯೋಗ್ಲೋಬಿನ್ ಪುಡಿಯನ್ನು 2.5 ಮಿ.ಲೀ. ಪೊಟ್ಯಾಸಿಯಂ ಫಾಸ್ಫೇಟ್ ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ; 50 ಮಿಲಿಮೋಲಾರ್, ಪಿಎಚ್ 7.4) ಕರಗಿಸಿ. ಅಲುಗಾಡಿಸಿ ನೊರೆ ಬರಿಸಬೇಡಿ, ಟ್ಯೂಬನ್ನು ಮೆಲ್ಲಗೆ ಹೊರಳಿಸಿ. 10,000 ಜಿ ವೇಗದಲ್ಲಿ 10 ನಿಮಿಷ ತಿರುಗಿಸಿ ತಳದ ಗಷ್ಟು ಬಿಟ್ಟು ಮೇಲಿನದನ್ನು ತೆಗೆದುಕೊಳ್ಳಿ. ಅದು ಡಿಕಾಕ್ಷನ್ ಬಣ್ಣದ, ತಿಳಿಯಾದ, ಸುಮಾರು 230 ಮೈಕ್ರೊಮೋಲಾರ್ ದ್ರಾವಣ.

ಸೆಫಡೆಕ್ಸ್ ಜಿ-25 ಜೆಲ್ ಮಣಿಗಳನ್ನು ತುಂಬಿದ 8.3 ಮಿ.ಲೀ. ಡೀಸಾಲ್ಟಿಂಗ್ ಕಾಲಮ್ (ಪ್ರೋಟೀನ್ ಅನ್ನು ಸಣ್ಣ ಅಣುಗಳಿಂದ ಬೇರ್ಪಡಿಸುವ ನಳಿಗೆ) ಒಂದನ್ನು 25 ಮಿ.ಲೀ. ತಣ್ಣನೆಯ ಬಫರ್‌ನಿಂದ ತೊಳೆದು ಸಿದ್ಧವಾಗಿಡಿ. ಈಗ 1ರಿಂದ 2 ಮಿ.ಗ್ರಾಂ. ಸೋಡಿಯಂ ಡೈಥಯೋನೈಟ್ (ಫೆರಿಕ್ ಕಬ್ಬಿಣವನ್ನು ಫೆರಸ್ ಮಾಡುವ ಪುಡಿ) ಅನ್ನು ಮಯೋಗ್ಲೋಬಿನ್‌ಗೆ ಹಾಕಿ ಒಮ್ಮೆ ಹೊರಳಿಸಿ. ಕಂದು ಕೆಲವೇ ಸೆಕೆಂಡುಗಳಲ್ಲಿ ನೇರಳೆ ಹಣ್ಣಿನ ರಸದ ಬಣ್ಣಕ್ಕೆ ತಿರುಗಬೇಕು. ಕಾಯದೆ 2.5 ಮಿ.ಲೀ. ಪೂರ್ತಿ ಕಾಲಮ್‌ಗೆ ಬಿಡಿ, ಅದು ಇಳಿದ ಮೇಲೆ 3.5 ಮಿ.ಲೀ. ಬಫರ್ ಹಾಕಿ ಕೆಳಗೆ ಬರುವುದನ್ನು ಮಂಜುಗಡ್ಡೆಯ ಮೇಲಿಟ್ಟ ಟ್ಯೂಬ್‌ನಲ್ಲಿ ಹಿಡಿಯಿರಿ.

ಕಾಲಮ್‌ನ ಮೇಲೆ ಕಣ್ಣಿಡಿ. ಮೊದಲು ನೇರಳೆ ಪಟ್ಟಿಯೊಂದು ಇಳಿಯುತ್ತದೆ. ಪ್ರೋಟೀನ್ ದೊಡ್ಡದಾದ್ದರಿಂದ ಜೆಲ್ ಮಣಿಗಳ ಹೊರಗಿನಿಂದಲೇ ಮುಂದೆ ಸಾಗುತ್ತದೆ, ಡೈಥಯೋನೈಟ್ ಮಣಿಗಳ ಒಳಹೊಕ್ಕು ಹಿಂದೆ ಬೀಳುತ್ತದೆ. ಪಟ್ಟಿ ಅದರಿಂದ ಕಳಚಿಕೊಂಡು ಗಾಳಿ ಬೆರೆತ ಬಫರ್ ಇರುವ ಜಾಗಕ್ಕೆ ಬಂದೊಡನೆ ಅಂಚು ಕೆಂಪೇರುತ್ತದೆ, ಆಮೇಲೆ ಪಟ್ಟಿಯೆಲ್ಲ ದಾಸವಾಳದ ಬಣ್ಣ. ಈ ಬದಲಾವಣೆ ಕಾಲಮ್‌ನ ಮಧ್ಯದಲ್ಲಿ ಕಂಡರೆ ಕೆಲಸ ಸರಿಯಾಗಿದೆ. ಕೊನೆಯವರೆಗೆ ನೇರಳೆಯಾಗಿಯೇ ಇಳಿದರೆ ಡೈಥಯೋನೈಟ್ ಅತಿಯಾಗಿದೆ, ಮೇಲಿನಿಂದ ಕೆಳಗಿನವರೆಗೆ ಕಂದಾಗಿಯೇ ಇದ್ದರೆ ಡೈಥಯೋನೈಟ್ ಸತ್ತಿದೆ.

ದೋಷ: ಆಮ್ಲಜನಕ ಊದಿದರೂ ಕಂದು ಹೋಗುತ್ತಿಲ್ಲ

ಮಾರುಕಟ್ಟೆಯಲ್ಲಿ ಸಿಗುವ ಒಣ ಪುಡಿ ಬಹುಮಟ್ಟಿಗೆ ಮೆಟ್ ರೂಪದಲ್ಲೇ ಇರುತ್ತದೆ. ಒಣಗಿಸುವಾಗ, ಇಟ್ಟಾಗ ಕಬ್ಬಿಣ ಫೆರಿಕ್ ಆಗಿಬಿಡುತ್ತದೆ. ಫೆರಿಕ್ ಕಬ್ಬಿಣ ಆಮ್ಲಜನಕವನ್ನು ಹಿಡಿಯುವುದೇ ಇಲ್ಲ, ಸಿಲಿಂಡರ್ ಖಾಲಿಯಾಗುವವರೆಗೆ ಊದಿದರೂ ಅಷ್ಟೇ. ಗುಳ್ಳೆಗಳ ಮೇಲ್ಮೈಯಲ್ಲಿ ಪ್ರೋಟೀನ್ ಬಿಚ್ಚಿಕೊಂಡು ದ್ರಾವಣ ಕದಡುವುದು ಮಾತ್ರ ಲಾಭ. ಮೊದಲು ಅಪಕರ್ಷಣ (ಎಲೆಕ್ಟ್ರಾನ್ ಕೊಟ್ಟು ಫೆರಸ್ ಮಾಡುವುದು), ಆಮೇಲೆ ಆಮ್ಲಜನಕ. ಪುಡಿ ಕೆಟ್ಟಿದೆ ಎಂದು ಎಸೆಯಬೇಡಿ. 409ರಲ್ಲಿ ಚೂಪಾದ ಪೀಕ್, 503 ಮತ್ತು 631ರಲ್ಲಿ ಚಿಕ್ಕವು ಇದ್ದರೆ ಅದು ಆರೋಗ್ಯವಾಗಿಯೇ ಇದೆ.

ದೋಷ: ಡೈಥಯೋನೈಟ್ ಹಾಕಿದರೂ ನೇರಳೆ ಬರುತ್ತಿಲ್ಲ

ಹತ್ತರಲ್ಲಿ ಒಂಬತ್ತು ಸಲ ತಪ್ಪು ಡೈಥಯೋನೈಟ್‌ನದು. ಇದು ತೇವವನ್ನೂ ಗಾಳಿಯನ್ನೂ ತಡೆಯದ ಪುಡಿ. ಮಳೆಗಾಲದ ಮಂಗಳೂರು, ಉಡುಪಿಯಂಥ ಕಡೆ ಡಬ್ಬಿಯ ಮುಚ್ಚಳ ನಾಲ್ಕಾರು ಸಲ ತೆರೆದು ಮುಚ್ಚಿದರೆ ಸಾಕು, ಪುಡಿ ಗಂಟುಕಟ್ಟಿ ಗಂಧಕದ ಘಾಟು ವಾಸನೆ ಏರುತ್ತದೆ. ಬಣ್ಣ ಬಿಳಿಯಾಗಿಯೇ ಉಳಿಯುವುದರಿಂದ ನೋಡಿ ಗೊತ್ತಾಗುವುದಿಲ್ಲ.

ಪರೀಕ್ಷೆ ಹೀಗೆ. ಪೊಟ್ಯಾಸಿಯಂ ಫೆರಿಸಯನೈಡ್‌ನ 1 ಮಿಲಿಮೋಲಾರ್ ದ್ರಾವಣ 420 ನ್ಯಾನೋಮೀಟರ್‌ನಲ್ಲಿ ಸುಮಾರು 1.02 ಹೀರಿಕೆ ತೋರುತ್ತದೆ. ಆರ್ಗಾನ್ ಊದಿದ ಬಫರ್‌ನಲ್ಲಿ ಅದರ 3 ಮಿ.ಲೀ. ಮಾಡಿಕೊಳ್ಳಿ, ಅದರಲ್ಲಿರುವುದು 3 ಮೈಕ್ರೊಮೋಲ್. ಒಂದು ಡೈಥಯೋನೈಟ್ ಎರಡು ಫೆರಿಸಯನೈಡ್‌ಗೆ ಎಲೆಕ್ಟ್ರಾನ್ ಕೊಡುತ್ತದೆ, ಹಾಗಾಗಿ ಒಳ್ಳೆಯ ಪುಡಿ 0.26 ಮಿ.ಗ್ರಾಂ. ಇದ್ದರೆ ಹಳದಿ ಪೂರ್ತಿ ಹೋಗಬೇಕು. ಆರ್ಗಾನ್ ಊದಿದ ನೀರಿನಲ್ಲಿ ಮಿ.ಲೀ.ಗೆ 2 ಮಿ.ಗ್ರಾಂ.ನಂತೆ ಆಗಷ್ಟೇ ಕರಗಿಸಿದ ಡೈಥಯೋನೈಟ್ ಅನ್ನು 20 ಮೈಕ್ರೊಲೀಟರ್‌ನಂತೆ ಹಾಕುತ್ತಾ ಹೋಗಿ. 130 ಮೈಕ್ರೊಲೀಟರ್ ಸುತ್ತ ಹಳದಿ ಹೋದರೆ ಪುಡಿ ಚೆನ್ನಾಗಿದೆ, 260 ಬೇಕಾದರೆ ಅರ್ಧ ಸತ್ತಿದೆ. ಅರ್ಧ ಸತ್ತದ್ದನ್ನು ಎರಡರಷ್ಟು ಹಾಕಿ ಸರಿದೂಗಿಸುವ ಉಪಾಯ ಬೇಡ, ಕೊಳೆತ ಭಾಗದ ಗಂಧಕದ ಸಂಯುಕ್ತಗಳೇ ಮುಂದಿನ ತೊಂದರೆಗೆ ಬೀಜ. ಹೊಸ ಡಬ್ಬಿ ತೆರೆದ ದಿನವೇ ಸಣ್ಣ ಸಣ್ಣ ಬಾಟಲಿಗಳಿಗೆ ಹಂಚಿ, ಆರ್ಗಾನ್ ತುಂಬಿ, ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ನಲ್ಲಿಡಿ. ತೆರೆದ ಬಾಟಲಿ ಆ ವಾರಕ್ಕೆ ಮಾತ್ರ.

ಪ್ರಮಾಣದ ಲೆಕ್ಕವೂ ಬೇಕು. ಮೇಲಿನ 2.5 ಮಿ.ಲೀ.ನಲ್ಲಿ ಮಯೋಗ್ಲೋಬಿನ್ 0.57 ಮೈಕ್ರೊಮೋಲ್, ಕರಗಿದ ಆಮ್ಲಜನಕ ಸುಮಾರು 0.65 ಮೈಕ್ರೊಮೋಲ್. ಎರಡನ್ನೂ ತೀರಿಸಲು ಸುಮಾರು 1 ಮೈಕ್ರೊಮೋಲ್ ಡೈಥಯೋನೈಟ್ ಸಾಕು, ಅಂದರೆ 0.17 ಮಿ.ಗ್ರಾಂ. ನಾವು ಹಾಕುವ 1 ಮಿ.ಗ್ರಾಂ. ಆಗಲೇ ಐದಾರು ಪಟ್ಟು. ಸ್ಪ್ಯಾಚುಲಾ ತುದಿಯಲ್ಲಿ ಅಂದಾಜಿಗೆ ಎತ್ತಿ ಹಾಕಿದರೆ ಅದು ಸುಲಭವಾಗಿ 10 ಮಿ.ಗ್ರಾಂ. ಇರುತ್ತದೆ. ಅಷ್ಟೂ ಗಾಳಿಯಲ್ಲಿ ಉತ್ಕರ್ಷಣಗೊಂಡರೆ ಹೊರಬರುವ ಆಮ್ಲವನ್ನು 50 ಮಿಲಿಮೋಲಾರ್ ಬಫರ್ ತಡೆದುಕೊಳ್ಳಲಾರದು. ಪಿಎಚ್ ಕುಸಿಯುತ್ತದೆ, ಪ್ರೋಟೀನ್ ಕಂದಾಗುತ್ತದೆ, ಹೆಚ್ಚು ಕುಸಿದರೆ ಹೀಮ್ ಕಳಚುತ್ತದೆ. ಕಡ್ಡಾಯವಾಗಿ ತೂಗಿ ಹಾಕಿ.

ದೋಷ: ಕೆಂಪಾಗಿದೆ, ಆದರೆ ಆಮ್ಲಜನಕ ಬಿಡುತ್ತಿಲ್ಲ, ಹಿಡಿಯುತ್ತಿಲ್ಲ

ಎಲ್ಲಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸುವುದು ಇದು. ಆರನೇ ಪೀಠದಲ್ಲಿ ಬೇರೆಯವರು ಕೂತಿದ್ದಾರೆ, ಬಣ್ಣ ಮಾತ್ರ ಅದೇ.

ಮೊದಲ ಶಂಕಿತ ಅಜೈಡ್. ಕಾಲಮ್ ಕೆಡದಿರಲಿ ಎಂದು 0.02 ಪ್ರತಿಶತ ಸೋಡಿಯಂ ಅಜೈಡ್‌ನಲ್ಲಿ ಇಟ್ಟಿರುತ್ತಾರೆ. ಅದು ಸುಮಾರು 3 ಮಿಲಿಮೋಲಾರ್. ಮೆಟ್‌ಮಯೋಗ್ಲೋಬಿನ್‌ಗೆ ಅಜೈಡ್ ಕೆಲವು ಹತ್ತು ಮೈಕ್ರೊಮೋಲಾರ್‌ನಲ್ಲೇ ಅಂಟಿಕೊಳ್ಳುತ್ತದೆ, ಆದ್ದರಿಂದ ಕಾಲಮ್ ಸರಿಯಾಗಿ ತೊಳೆಯದಿದ್ದರೆ ನೂರಕ್ಕೆ ತೊಂಬತ್ತೊಂಬತ್ತು ಭಾಗ ಅಜೈಡ್ ಕೂತೇ ಹೊರಬರುತ್ತದೆ. ಆ ಸಂಯುಕ್ತದ ಪೀಕ್‌ಗಳು 540 ಮತ್ತು 575ರ ಆಸುಪಾಸು, ಬಣ್ಣ ಕೆಂಪು. ಡೈಥಯೋನೈಟ್ ಸತ್ತಿತ್ತು, ಪ್ರೋಟೀನ್ ಫೆರಿಕ್ ಆಗಿಯೇ ಉಳಿದಿತ್ತು, ಕಾಲಮ್‌ನಲ್ಲಿ ಅಜೈಡ್ ಇತ್ತು ಎಂದಿಟ್ಟುಕೊಳ್ಳಿ: ಎರಡು ತಪ್ಪು ಸೇರಿ ಥೇಟ್ ಸರಿಯಾದ ಫಲದಂತೆ ಕಾಣುತ್ತದೆ. ಅಜೈಡ್ ಇನ್ನೊಂದು ಕೆಡುಕನ್ನೂ ಮಾಡುತ್ತದೆ. ನಿಜವಾದ ಆಕ್ಸಿ ಇದ್ದರೆ ಅದು ಕಂದಾಗುವ ವೇಗವನ್ನು ಹೆಚ್ಚಿಸುತ್ತದೆ.

ಎರಡನೆಯದು ಹೈಡ್ರಾಕ್ಸೈಡ್. ಫೆರಿಕ್ ಕಬ್ಬಿಣದ ಮೇಲಿನ ನೀರು ಪಿಎಚ್ 8.9ರ ಸುತ್ತ ಪ್ರೋಟಾನ್ ಬಿಡುತ್ತದೆ. ಪಿಎಚ್ 7.4ರಲ್ಲಿ ನೂರಕ್ಕೆ ಮೂರು ಭಾಗ ಮಾತ್ರ ಹೈಡ್ರಾಕ್ಸಿ ರೂಪ, 8.5ರಲ್ಲಿ ಕಾಲು ಭಾಗಕ್ಕೂ ಹೆಚ್ಚು, 9.5ರಲ್ಲಿ ಐದರಲ್ಲಿ ನಾಲ್ಕು. ಅದು ಕೆಂಗಂದು, 540ರ ಸುತ್ತ, 580ರ ಸುತ್ತ ಎರಡು ಮೊಂಡು ದಿಬ್ಬ ಇರುವುದರಿಂದ ಅವಸರದಲ್ಲಿ ಆಕ್ಸಿ ಎಂದೇ ಓದಿಬಿಡಬಹುದು. ಟ್ರಿಸ್ ಬಫರ್ ಬಳಸುವವರು ಎಚ್ಚರ ವಹಿಸಬೇಕು. 25 ಡಿಗ್ರಿಯಲ್ಲಿ 8.0ಕ್ಕೆ ಹೊಂದಿಸಿದ ಟ್ರಿಸ್, 4 ಡಿಗ್ರಿಯ ಕೋಲ್ಡ್ ರೂಮ್‌ನಲ್ಲಿ 8.6ರ ಹತ್ತಿರ ಇರುತ್ತದೆ.

ಮೂರನೆಯದು ಇಮಿಡಜೋಲ್, ಶುದ್ಧೀಕರಣಕ್ಕೆಂದು ಹಿಸ್ಟಿಡಿನ್ ಬಾಲ ಕಟ್ಟಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಮಯೋಗ್ಲೋಬಿನ್‌ಗೆ ಮಾತ್ರ. ಆ ಬಾಲ ಅಂಟಿಕೊಳ್ಳುವ ನಿಕ್ಕಲ್ ಕಾಲಮ್‌ನಿಂದ ಇಳಿಸಲು ಬಳಸುವ 250 ಮಿಲಿಮೋಲಾರ್ ಇಮಿಡಜೋಲ್ ಆರನೇ ಜಾಗಕ್ಕೆ ಹೋಗಿ ಕೂರುವಷ್ಟು ಹೆಚ್ಚು. ಡಯಾಲಿಸಿಸ್ (ಪೊರೆಯ ಮೂಲಕ ಸಣ್ಣ ಅಣುಗಳನ್ನು ತೊಳೆಯುವುದು) ಮಾಡದೆ ಸ್ಕ್ಯಾನ್ ತೆಗೆದರೆ ಮೆಟ್‌ನ 631ರ ಪೀಕ್ ಕುಗ್ಗಿರುತ್ತದೆ. ಪ್ರೋಟೀನ್ ಕೆಟ್ಟಿಲ್ಲ, ತೊಳೆಯಬೇಕಷ್ಟೆ.

ಇವರನ್ನು ಬೇರ್ಪಡಿಸಲು ನಾವು ಬಳಸುವುದು ಫೆರಿಸಯನೈಡ್ ಪರೀಕ್ಷೆ, ಇದಕ್ಕಿಂತ ಸರಳವಾದದ್ದು ಇನ್ನೊಂದಿಲ್ಲ. 50 ಮೈಕ್ರೊಮೋಲಾರ್ ಮಾದರಿಯನ್ನು ಪಿಎಚ್ 7ರ ಬಫರ್‌ನಲ್ಲಿ ತೆಗೆದುಕೊಂಡು, ಅದಕ್ಕೆ ಫೆರಿಸಯನೈಡ್ 75 ಮೈಕ್ರೊಮೋಲಾರ್ ಆಗುವಂತೆ ಹಾಕಿ. ನಿಜವಾದ ಆಕ್ಸಿ ಆಗಿದ್ದರೆ ಒಂದೆರಡು ನಿಮಿಷದಲ್ಲಿ ಕಂದಾಗಿ 581ರ ಪೀಕ್ ಬೀಳುತ್ತದೆ. ಅಜೈಡ್ ಕೂತಿದ್ದರೆ ಕಬ್ಬಿಣ ಮೊದಲೇ ಫೆರಿಕ್, ಏನೂ ಬದಲಾಗುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಕೂತಿದ್ದರೆ ಬದಲಾವಣೆ ಬಹಳ ನಿಧಾನ, ಜೊತೆಗೆ 540ರ ಪೀಕ್ ಎತ್ತರವಿರುವುದೇ ಗುರುತು. ಹೈಡ್ರಾಕ್ಸೈಡ್ ಆಗಿದ್ದರೆ ಫೆರಿಸಯನೈಡ್ ಹಾಕುವ ಮೊದಲೇ, ಪಿಎಚ್ 7ಕ್ಕೆ ಇಳಿಸಿದಾಗಲೇ ಕಂದಾಗಿರುತ್ತದೆ.

ದೋಷ: ಹಸಿರು ಛಾಯೆ

617 ನ್ಯಾನೋಮೀಟರ್ ಹತ್ತಿರ ಹೊಸ ಪೀಕ್ ಎದ್ದಿದ್ದರೆ ಸಲ್ಫ್‌ಮಯೋಗ್ಲೋಬಿನ್ ಆಗಿದೆ. ಹೀಮ್‌ನ ಉಂಗುರಕ್ಕೇ ಗಂಧಕ ಸೇರಿಕೊಂಡಿರುವುದರಿಂದ ಇದನ್ನು ಹಿಂತಿರುಗಿಸಿ ಬಳಸುವ ಆಸೆ ಬಿಡಬೇಕು, ಮಾದರಿ ಹೋಯಿತು. ಕಾರಣ ಅತಿ ಡೈಥಯೋನೈಟ್ ಮತ್ತು ಗಾಳಿ, ಎರಡರ ಕೂಟ. ಡೈಥಯೋನೈಟ್ ಆಮ್ಲಜನಕದೊಂದಿಗೆ ಸೇರಿದಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಅದು ಮಯೋಗ್ಲೋಬಿನ್‌ನನ್ನು ಫೆರಿಲ್ ಸ್ಥಿತಿಗೆ (ಕಬ್ಬಿಣ ಫೆರಿಕ್‌ಗಿಂತಲೂ ಹೆಚ್ಚು ಉತ್ಕರ್ಷಣಗೊಂಡದ್ದು) ಒಯ್ಯುತ್ತದೆ, ಹಳಸಿದ ಡೈಥಯೋನೈಟ್‌ನಲ್ಲಿರುವ ಸಲ್ಫೈಡ್ ಬಂದು ಫೆರಿಲ್‌ಗೆ ಅಂಟುತ್ತದೆ. ಇದರಿಂದ ಪಾರಾಗಲು ಹೊಸ ಪುಡಿ, ತೂಗಿದ ಪ್ರಮಾಣ, ಹಾಕಿದ ಒಂದೆರಡು ನಿಮಿಷದೊಳಗೆ ಕಾಲಮ್. ಬಫರ್‌ನಲ್ಲಿ ಚೂರು ಕ್ಯಾಟಲೇಸ್ ಕಿಣ್ವ ಇದ್ದರೆ ಪೆರಾಕ್ಸೈಡ್ ಉಳಿಯುವುದಿಲ್ಲ. ಆದರೆ ಕ್ಯಾಟಲೇಸ್ ಕೂಡ ಹೀಮ್ ಪ್ರೋಟೀನ್, 405ರ ಸುತ್ತ ಹೀರುತ್ತದೆ, 0.1 ಮೈಕ್ರೊಮೋಲಾರ್‌ಗಿಂತ ಬಹಳ ಕಡಿಮೆ ಇಟ್ಟುಕೊಳ್ಳಿ.

ಫೆರಿಲ್ ಮಾತ್ರ ಇದೆಯೋ ಎಂಬ ಅನುಮಾನ ಬಂದರೆ (421 ಮತ್ತು 548ರಲ್ಲಿ ಪೀಕ್, ಬಣ್ಣ ಮಾಸಲು ಕೆಂಪು), ಆ ಮಾದರಿಯ ಸಣ್ಣ ಪಾಲಿಗೆ 2 ಮಿಲಿಮೋಲಾರ್ ಸೋಡಿಯಂ ಸಲ್ಫೈಡ್ ಹಾಕಿ. 617 ಎದ್ದರೆ ಫೆರಿಲ್ ಇತ್ತು. ಸಲ್ಫೈಡ್ ಕೆಲಸ ಫ್ಯೂಮ್ ಹುಡ್ ಒಳಗೆ ಮಾತ್ರ.

ದೋಷ: ಬೆಳಿಗ್ಗೆ ಕೆಂಪು, ಸಂಜೆಗೆ ಕಂದು

ಆಕ್ಸಿಮಯೋಗ್ಲೋಬಿನ್ ತಾನಾಗಿಯೇ ಕಂದಾಗುವುದು ಅದರ ಸ್ವಭಾವ. 37 ಡಿಗ್ರಿಯಲ್ಲಿ ತಟಸ್ಥ ಪಿಎಚ್‌ನಲ್ಲಿ ಇಟ್ಟರೆ ಒಂದು ದಿನ ಕಳೆಯುವ ಮೊದಲೇ ಅರ್ಧ ಮೆಟ್ ಆಗಿರುತ್ತದೆ. ನಿಮ್ಮದು ಮಂಜುಗಡ್ಡೆಯ ಮೇಲಿದ್ದೂ ಒಂದೆರಡು ಗಂಟೆಯಲ್ಲಿ ಕಂದಾಗುತ್ತಿದ್ದರೆ ಏನೋ ತಳ್ಳುತ್ತಿದೆ. ಪಿಎಚ್ ನೋಡಿ: ಪ್ರೋಟಾನ್ ಹೆಚ್ಚಿದಷ್ಟೂ ವೇಗ, ಪಿಎಚ್ 6ರಲ್ಲಿ ಇಟ್ಟು ಕೆಂಪನ್ನು ಕಾಯಲಾಗದು, 7.4ರಿಂದ 8.5 ಒಳ್ಳೆಯದು. ಲೋಹದ ಅಯಾನುಗಳನ್ನು ನೋಡಿ, ಮುಖ್ಯವಾಗಿ ತಾಮ್ರ, 0.5 ಮಿಲಿಮೋಲಾರ್ ಇಡಿಟಿಎ ಹಾಕಿದರೆ ಅದು ಕಟ್ಟಿಬೀಳುತ್ತದೆ. ಅಜೈಡ್ ನೋಡಿ.

ಇನ್ನೊಂದು ಕಾರಣ ಕೇಳಿದರೆ ಹಲವರಿಗೆ ನಂಬಿಕೆ ಬರುವುದಿಲ್ಲ. ಆಮ್ಲಜನಕ ಪೂರ್ತಿ ಇದ್ದಾಗಿಗಿಂತ ಅರೆಬರೆ ಇದ್ದಾಗಲೇ ಕಂದಾಗುವುದು ಬೇಗ. ಕಬ್ಬಿಣದ ಮೇಲೆ ಅರ್ಧಂಬರ್ಧ ತುಂಬಿದ ಸ್ಥಿತಿಯ ಸುತ್ತ ಈ ವೇಗ ಗರಿಷ್ಠ. ‘ಆಮ್ಲಜನಕದಿಂದ ತಾನೇ ಕೆಡುವುದು’ ಎಂದು ಟ್ಯೂಬ್‌ಗೆ ಚೂರು ಸಾರಜನಕ ಊದಿ ಮುಚ್ಚಿಡುವವರು ಪ್ರೋಟೀನ್ ಅನ್ನು ನೇರ ಅಪಾಯದ ವಲಯಕ್ಕೆ ದೂಡುತ್ತಾರೆ. ಪ್ಯಾಕೆಟ್ ಮಾಂಸದ ಒಳಗೆ, ಗಾಳಿ ತಾಗುವ ಕೆಂಪು ಪದರಕ್ಕೂ ಆಳದ ನೇರಳೆ ಭಾಗಕ್ಕೂ ನಡುವೆ ತೆಳುವಾದ ಕಂದು ಪದರ ಕಾಣಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಒಂದೋ ಪೂರ್ತಿ ಗಾಳಿಯಲ್ಲಿಡಿ, ಇಲ್ಲವೇ ಆಮ್ಲಜನಕದ ಸುಳಿವೇ ಇಲ್ಲದಂತೆ ಮಾಡಿ.

ದೋಷ: ಸಾಂದ್ರತೆಯ ಲೆಕ್ಕ ತಾಳೆಯಾಗುತ್ತಿಲ್ಲ

1 ಮಿ.ಗ್ರಾಂ. ಪ್ರತಿ ಮಿ.ಲೀ. ಅಂದರೆ 57 ಮೈಕ್ರೊಮೋಲಾರ್. ಇದನ್ನು 409ರಲ್ಲಿ ಅಳೆಯಹೊರಟರೆ ಹೀರಿಕೆ 10ಕ್ಕೂ ಮೇಲೆ! ಯಾವ ಯಂತ್ರವೂ ಅದನ್ನು ಓದಲಾರದು; ಯಂತ್ರದೊಳಗಿನ ಅಡ್ಡ ಬೆಳಕಿನಿಂದಾಗಿ 3ರ ಸುತ್ತ ಎಲ್ಲೋ ನಿಂತು ಪೀಕ್‌ನ ತಲೆ ಚಪ್ಪಟೆಯಾಗುತ್ತದೆ. ತಲೆ ಚಪ್ಪಟೆಯಾದ ಅಥವಾ ಗರಗಸದಂತೆ ಹಲ್ಲು ಬಿಟ್ಟ 409ರ ಪೀಕ್ ಕಂಡರೆ ಆ ಅಂಕಿಯನ್ನು ಬರೆದುಕೊಳ್ಳಲೇಬೇಡಿ. 409ಕ್ಕೆ 5 ಮೈಕ್ರೊಮೋಲಾರ್ ಸರಿ (0.94 ಬರುತ್ತದೆ), 500ರಿಂದ 650ರ ಭಾಗಕ್ಕೆ 50 ಮೈಕ್ರೊಮೋಲಾರ್ ಸರಿ (525ರಲ್ಲಿ 0.38, ಆಕ್ಸಿ ಆದರೆ 581ರಲ್ಲಿ 0.73). ಎರಡಕ್ಕೂ ಒಂದೇ ದ್ರಾವಣ ಆಗದು.

700ರಲ್ಲಿ ಹೀರಿಕೆ 0.02 ದಾಟಿದ್ದರೆ ದ್ರಾವಣ ಕದಡಿದೆ, ಮತ್ತೆ ತಿರುಗಿಸಿ ಅಥವಾ 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ. ಮೆಟ್ ರೂಪದಲ್ಲಿ 409ರ ಹೀರಿಕೆ 280ರದ್ದರ (ಪ್ರೋಟೀನ್‌ಗಳೆಲ್ಲ ಸಾಮಾನ್ಯವಾಗಿ ಹೀರುವ ಜಾಗ) ಐದು ಪಟ್ಟು ಇರಬೇಕು. 4ಕ್ಕಿಂತ ಕೆಳಗಿಳಿದರೆ ಬೇರೆ ಪ್ರೋಟೀನ್ ಬೆರೆತಿದೆ ಅಥವಾ ಹೀಮ್ ಇಲ್ಲದ ಮಯೋಗ್ಲೋಬಿನ್ ಇದೆ. ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ್ದು ಹೀಗೆ ಪೇಲವವಾಗಿ ಬಂದರೆ, ಕೋಶ ಪ್ರೋಟೀನ್ ಕಟ್ಟಿದಷ್ಟು ಬೇಗ ಹೀಮ್ ಕಟ್ಟಲಾಗಿಲ್ಲ. ಇಂಡಕ್ಷನ್ (ಕೋಶ ಪ್ರೋಟೀನ್ ಕಟ್ಟತೊಡಗುವಂತೆ ಮಾಡುವುದು) ಹೊತ್ತಿಗೆ 0.3ರಿಂದ 0.5 ಮಿಲಿಮೋಲಾರ್ ಡೆಲ್ಟಾ-ಅಮಿನೊಲೆವುಲಿನಿಕ್ ಆಮ್ಲ (ಹೀಮ್ ಕಟ್ಟುವ ಕಚ್ಚಾವಸ್ತು) ಸೇರಿಸಿ, ತಾಪಮಾನ ಇಳಿಸಿ ನಿಧಾನವಾಗಿ ಬೆಳೆಸಿ. ಕೋಶಗಳ ಗುಪ್ಪೆಯೇ ಕೆಂಗಂದಾಗಿ ಕಾಣತೊಡಗುತ್ತದೆ.

ದೋಷ: ಬಂಧನದ ರೇಖೆ ಪುಸ್ತಕದಂತಿಲ್ಲ

ಮಯೋಗ್ಲೋಬಿನ್‌ಗೆ ಇರುವುದು ಒಂದೇ ಪೀಠ, ಆದ್ದರಿಂದ ಬಂಧನದ ರೇಖೆಯಿಂದ (ಆಮ್ಲಜನಕ ಹೆಚ್ಚಿದಂತೆ ಎಷ್ಟು ಪೀಠ ತುಂಬಿತು ಎಂಬ ಗೆರೆ) ಸಿಗುವ ಹಿಲ್ ಗುಣಾಂಕ (ಪೀಠಗಳು ಒಂದಕ್ಕೊಂದು ಎಷ್ಟು ನೆರವಾಗುತ್ತವೆ ಎಂಬ ಅಳತೆ) 1 ಬರಬೇಕು. 37 ಡಿಗ್ರಿಯಲ್ಲಿ ಅರ್ಧ ತುಂಬಲು 2ರಿಂದ 3 ಮಿ.ಮೀ. ಪಾದರಸದಷ್ಟು ಆಮ್ಲಜನಕ ಸಾಕು. ರಕ್ತದ ಹೀಮೋಗ್ಲೋಬಿನ್‌ಗೆ ಬೇಕಾದದ್ದು 26ರ ಸುತ್ತ. ಕೋಣೆಯ ತಾಪಮಾನದಲ್ಲಿ ಈ ಅರ್ಧಬಿಂದು ಸುಮಾರು 1 ಮೈಕ್ರೊಮೋಲಾರ್. ಗಾಳಿಗೆ ತೆರೆದ ನೀರಿನಲ್ಲಿ 25 ಡಿಗ್ರಿಯಲ್ಲಿ ಕರಗಿರುವ ಆಮ್ಲಜನಕ 260 ಮೈಕ್ರೊಮೋಲಾರ್. ಅಂದರೆ ನೀವು ಅಳೆಯಬೇಕಾದ ಸಂಗತಿಯೆಲ್ಲ ಗಾಳಿಯ ಇನ್ನೂರೈವತ್ತರಲ್ಲೊಂದು ಭಾಗದಲ್ಲಿ ನಡೆಯುತ್ತದೆ. ಇಲ್ಲಿನ ಎಲ್ಲ ದೋಷಗಳ ತಾಯಿ ಇದೇ.

ಸೋರಿಕೆಯ ಲೆಕ್ಕ ಹಾಕಿ ನೋಡಿ. 3 ಮಿ.ಲೀ. ಕ್ಯುವೆಟ್‌ನಲ್ಲಿ 50 ಮೈಕ್ರೊಮೋಲಾರ್ ಮಯೋಗ್ಲೋಬಿನ್ ಎಂದರೆ 150 ನ್ಯಾನೊಮೋಲ್. ಕೋಣೆಯ ಗಾಳಿ 20 ಮೈಕ್ರೊಲೀಟರ್‌ನಲ್ಲಿ ಸುಮಾರು 170 ನ್ಯಾನೊಮೋಲ್ ಆಮ್ಲಜನಕವಿದೆ. ಸಾಧಾರಣ ಸಿರಿಂಜ್‌ನ ಮೂತಿಯಲ್ಲಿ ಉಳಿಯುವ ಗಾಳಿಯೇ ಇಷ್ಟಿರುತ್ತದೆ. ಒಂದೇ ಚುಚ್ಚಿಗೆ ಪ್ರಯೋಗ ಮುಗಿದುಹೋಗುತ್ತದೆ, ಮೊದಲ ಬಿಂದುವೇ ಪೂರ್ತಿ ತುಂಬಿದಂತೆ ಬರುತ್ತದೆ. ಗ್ಯಾಸ್‌ಟೈಟ್ ಸಿರಿಂಜ್ ಬಳಸಿ, ಚುಚ್ಚುವ ಮೊದಲು ಆರ್ಗಾನ್ ಎಳೆದು ಬಿಡುವುದನ್ನು ಮೂರು ಸಲ ಮಾಡಿ, ಕ್ಯುವೆಟ್‌ನ ರಬ್ಬರ್ ಮುಚ್ಚಳ (ಸೆಪ್ಟಮ್) ನಾಲ್ಕೈದು ಚುಚ್ಚಿಗೊಮ್ಮೆ ಬದಲಿಸಿ.

ಸೋರಿಕೆ ಇಲ್ಲದೆಯೂ ರೇಖೆ ವಿಚಿತ್ರವಾಗಿ ಬರಬಹುದು: ಹಾಕಿದಷ್ಟೂ ನೇರ ಗೆರೆಯಾಗಿ ಏರಿ, 50 ಮೈಕ್ರೊಮೋಲಾರ್ ಹತ್ತಿರ ಥಟ್ಟನೆ ಅಡ್ಡಮಲಗುತ್ತದೆ, ಅರ್ಧಬಿಂದು 26 ಎಂದು ಓದುತ್ತದೆ. ಯಂತ್ರದ ತಪ್ಪಲ್ಲ. ಹಾಕಿದ ಆಮ್ಲಜನಕವನ್ನೆಲ್ಲ ಪ್ರೋಟೀನ್ ನುಂಗುತ್ತಿದೆ, ದ್ರಾವಣದಲ್ಲಿ ಬಿಡಿಯಾಗಿ ಉಳಿಯುವುದು ಅತ್ಯಲ್ಪ. ನೀವು ಗೆರೆ ಎಳೆದದ್ದು ಒಟ್ಟು ಆಮ್ಲಜನಕಕ್ಕೆ ಎದುರಾಗಿ, ಎಳೆಯಬೇಕಾದದ್ದು ಬಿಡಿ ಆಮ್ಲಜನಕಕ್ಕೆ ಎದುರಾಗಿ. ಒಟ್ಟರಿಂದ ಕೂತದ್ದನ್ನು ಕಳೆದು ಸರಿಪಡಿಸುವ ಯತ್ನವೂ ಫಲಿಸದು, ದೊಡ್ಡ ಅಂಕಿಯಿಂದ ದೊಡ್ಡ ಅಂಕಿ ಕಳೆದು ಸಿಗುವ ಚಿಕ್ಕ ಅಂಕಿಯಲ್ಲಿ ದೋಷವೇ ತುಂಬಿರುತ್ತದೆ. ಪ್ರೋಟೀನ್ ಅನ್ನು 2 ಮೈಕ್ರೊಮೋಲಾರ್‌ಗೆ ಇಳಿಸಿ 418 ಮತ್ತು 434ರಲ್ಲಿ ಅಳೆಯಿರಿ, ಅಥವಾ ದ್ರಾವಣದ ಮೇಲೆ ದೊಡ್ಡ ಗಾಳಿಜಾಗವಿರುವ ಟೊನೊಮೀಟರ್ ಬಳಸಿ, ಬಿಡಿ ಆಮ್ಲಜನಕದ ಪ್ರಮಾಣವನ್ನು ಗ್ಯಾಸ್ ನಿರ್ಧರಿಸುವಂತೆ ಮಾಡಿ.

ಡೈಥಯೋನೈಟ್ ಉಳಿದಿದ್ದರೆ ಅದು ಆಮ್ಲಜನಕ ತಿನ್ನುತ್ತಾ ರೇಖೆಯನ್ನು ಬಲಕ್ಕೆ ಸರಿಸುತ್ತದೆ. 315 ನ್ಯಾನೋಮೀಟರ್‌ನಲ್ಲಿ ಅದರ ಹೀರಿಕೆ ಗೊತ್ತಾಗುತ್ತದೆ. ಇದ್ದರೆ ಮತ್ತೊಮ್ಮೆ ಕಾಲಮ್.

ಹಿಲ್ ಗುಣಾಂಕ 1ಕ್ಕಿಂತ ಸ್ಪಷ್ಟವಾಗಿ ಹೆಚ್ಚು ಬಂದರೆ, ಪ್ರೋಟೀನ್ ಅನ್ನು ಹೃದಯದ ಅಂಗಾಂಶದಿಂದ ನೀವೇ ತೆಗೆದಿದ್ದರೆ, ಹೀಮೋಗ್ಲೋಬಿನ್ ಬೆರೆತಿದೆ. ಅಂಗಾಂಶದಲ್ಲಿ ರಕ್ತ ಉಳಿದೇ ಇರುತ್ತದೆ. ಹೀಮೋಗ್ಲೋಬಿನ್‌ನ ಆಕ್ಸಿ ಪೀಕ್‌ಗಳು 541 ಮತ್ತು 577; ಮಯೋಗ್ಲೋಬಿನ್‌ಗಿಂತ ಎರಡರಿಂದ ನಾಲ್ಕು ನ್ಯಾನೋಮೀಟರ್ ಹಿಂದೆ. ಇಷ್ಟು ಸಣ್ಣ ಅಂತರ ನಂಬಬೇಕಾದರೆ ಯಂತ್ರವನ್ನು ಮೊದಲು ಹೋಲ್ಮಿಯಂ ದ್ರಾವಣದ 536.6ರ ಪೀಕ್‌ಗೆ ಸರಿಹೊಂದಿಸಿ, ಸ್ಲಿಟ್ (ಯಂತ್ರದ ಬೆಳಕಿನ ಕಿಂಡಿ) 1 ನ್ಯಾನೋಮೀಟರ್‌ಗೆ ಇಳಿಸಿ. ಬೇರ್ಪಡಿಸಲು ಅಮೋನಿಯಂ ಸಲ್ಫೇಟ್: 70 ಪ್ರತಿಶತ ಸಂತೃಪ್ತಿಯಲ್ಲಿ ಹೀಮೋಗ್ಲೋಬಿನ್ ಬಹುಪಾಲು ತಳಕ್ಕೆ ಹೋಗುತ್ತದೆ, ಮಯೋಗ್ಲೋಬಿನ್ ಮೇಲೆ ಕರಗಿಯೇ ಇರುತ್ತದೆ. ಉಳಿದ ಚೂರುಪಾರು ಸೆಫಡೆಕ್ಸ್ ಜಿ-75ರಲ್ಲಿ ಬೇರಾಗುತ್ತದೆ. 64 ಕಿಲೋಡಾಲ್ಟನ್‌ನ ಹೀಮೋಗ್ಲೋಬಿನ್ ಮೊದಲು, 17ರ ಮಯೋಗ್ಲೋಬಿನ್ ಆಮೇಲೆ ಇಳಿಯುತ್ತದೆ. ಗುಣಾಂಕ 1ಕ್ಕಿಂತ ಕಡಿಮೆ ಬಂದರೆ ಸಮತೋಲಕ್ಕೆ ಕಾಯದೆ ಓದಿದ್ದೀರಿ, ಅಥವಾ ಪ್ರಯೋಗ ನಡೆಯುತ್ತಿದ್ದಂತೆ ಮೆಟ್ ಹೆಚ್ಚುತ್ತಿದೆ. ಕೊನೆಯ ಬಿಂದುವಿನ ನಂತರ 581 ಮತ್ತು 525ರ ಅನುಪಾತ ನೋಡಿ, ಶುರುವಿನ ಅಂಕಿಯೊಂದಿಗೆ ಹೋಲಿಸಿ.

ಫ್ರೀಜರ್‌ನಲ್ಲಿಟ್ಟದ್ದು ಕಂದಾಗಿದ್ದರೆ

ಸೋಡಿಯಂ ಫಾಸ್ಫೇಟ್‌ನಲ್ಲಿಟ್ಟು ನಿಧಾನವಾಗಿ ಹೆಪ್ಪುಗಟ್ಟಿಸಿದ್ದೀರಾ ನೋಡಿ. ತಂಪಾಗುವಾಗ ಡೈಸೋಡಿಯಂ ಲವಣ ಮೊದಲು ಹರಳುಗಟ್ಟಿ ಹೊರಬೀಳುತ್ತದೆ, ಉಳಿದ ದ್ರವದ ಪಿಎಚ್ 7ರಿಂದ 4ರ ಹತ್ತಿರಕ್ಕೆ ಜಾರಬಲ್ಲದು. ಆಕ್ಸಿ ಆ ಆಮ್ಲದಲ್ಲಿ ಬದುಕದು. ಪೊಟ್ಯಾಸಿಯಂ ಫಾಸ್ಫೇಟ್‌ನಲ್ಲಿ ಈ ಕುಸಿತ ಅಷ್ಟಾಗಿ ಇಲ್ಲ. ದ್ರಾವಣವನ್ನು 50 ಮೈಕ್ರೊಲೀಟರ್ ಹನಿಗಳಾಗಿ ದ್ರವ ಸಾರಜನಕಕ್ಕೆ ನೇರ ಬಿಡಿ, ಹನಿಗಳು ಕೆಂಪು ಮಣಿಗಳಂತೆ ಗಟ್ಟಿಯಾಗಿ ತಳ ಸೇರುತ್ತವೆ; ಅವನ್ನು ಮೈನಸ್ 80 ಡಿಗ್ರಿಯಲ್ಲಿಡಿ. ಮೈನಸ್ 20ರ ಫ್ರೀಜರ್ ಬೇಡ. ಬೇಕಾದಾಗ ಬೇಕಾದಷ್ಟೇ ಮಣಿ ತೆಗೆದು ಬಿಸಿ ಅಂಗೈಯಲ್ಲಿ ಟ್ಯೂಬ್ ಹಿಡಿದು ಬೇಗ ಕರಗಿಸಿ, ತಕ್ಷಣ ಸ್ಕ್ಯಾನ್ ತೆಗೆಯಿರಿ. 581 ಮತ್ತು 525ರ ಅನುಪಾತ 1.8ಕ್ಕಿಂತ ಮೇಲಿದ್ದರೆ ಆ ದಿನದ ಕೆಲಸಕ್ಕೆ ಬಳಸಿ. ಕೆಳಗಿದ್ದರೆ ಮತ್ತೆ ಡೈಥಯೋನೈಟ್, ಮತ್ತೆ ಜಿ-25. ಪ್ರೋಟೀನ್‌ಗೆ ಅದರಿಂದ ತೊಂದರೆಯಿಲ್ಲ, 617ರಲ್ಲಿ ಏನೂ ಎದ್ದಿಲ್ಲವೆಂದರೆ.